ಗಾಳಿ ದೋಣಿಯ ಹಿಂದಿನ ಸೀಟು

ಮಾರ್ಚ್ 7, ಭಾನುವಾರ

ಸ್ನಾನಕ್ಕೆ ಹೋದರೆ ಮತ್ತೆ ಅದೇ. ಬಚ್ಚಲ ತುಂಬ ಆ ಗಾಳಿ ತುಂಬುವ ದೋಣಿ, ಕಯಾಕ್, ನೇತಾಡುತ್ತಿದೆ, ಕೆರೆ ನೀರು ಸುರಿಸುತ್ತ. ಒಣಗಿಸದೆ ಮಡಚಿದರೆ ಬೂಷ್ಟು ಹಿಡಿಯುತ್ತದಂತೆ. ನನಗೆ ಹಿಡಿಯುತ್ತಿರುವ ಹುಚ್ಚು ಯಾರಿಗೂ ಕಾಣುವುದಿಲ್ಲ!

ನಮ್ಮ ಯಜಮಾನರು ನನ್ನನ್ನು ಒಂದು ಮಾತು ಕೇಳದೆ ತಂದದ್ದು. "ಗಾಳಿ ತೆಗೆದ್ರೆ ಮಂಚದ ಕೆಳಗೆ ಹೋಗುತ್ತೆ ಕಣೇ. ಮೂರನೇ ಮಹಡಿಯವರಿಗೆ ಇನ್ಯಾವ ದೋಣಿ ಆಗುತ್ತೆ ಹೇಳು?" ದೋಣಿ ಬೇಕೆಂದು ಅತ್ತವರು ಯಾರು? ಬಂದ ಚೀಲದೊಳಗೆ ಅದು ಒಮ್ಮೆಯಾದರೂ ವಾಪಸ್ ಹೋಗಿದೆಯೆ?

ಮಾರ್ಚ್ 10

ಇವತ್ತೂ ಬೋರ್ಡಿನ ಕೆಳಗಿನ ಅರ್ಧದಲ್ಲೇ ಲೆಕ್ಕ ಬರೆದೆ. ಭುಜದ ಪ್ಲಾಸ್ಟರ್ ಬಿಚ್ಚಿ ಐದು ತಿಂಗಳು. ಬಲಗೈ ಎದೆಯಿಂದ ಮೇಲೆ ಏಳುವುದಿಲ್ಲ. ಹಿಂದಿನ ಬೆಂಚಿನಿಂದ "ಮಿಸ್, ಕಾಣ್ತಿಲ್ಲ".

ಹೆಡ್‌ಮಿಸ್ ಕರೆಸಿದರು. ಬೆಣ್ಣೆಯಂಥ ಮಾತು. "ಮುಂದಿನ ವರ್ಷ ಲೈಬ್ರರಿ ನೋಡ್ಕೊಳ್ಳಿ. ಆರಾಮಾಗಿರುತ್ತೆ." ಇಷ್ಟು ವರ್ಷ ಲೆಕ್ಕ ಕಲಿಸಿದವಳು ಪುಸ್ತಕದ ಧೂಳು ಹೊಡೆಯಬೇಕು!

ವ್ಯಾಯಾಮ ಮಾಡಿ ಎಂದು ಡಾಕ್ಟರ್ ಹೇಳಿದ್ದು ನಿಜ. ಗೋಡೆಯ ಮೇಲೆ ಬೆರಳು ಹತ್ತಿಸುವುದು... ಎಷ್ಟು ದಿನ? ಬಿಟ್ಟೆ.

ಮಾರ್ಚ್ 14, ಭಾನುವಾರ

ಕೆರೆ. ನಾನು ಮುಂದೆ, ಇವರು ಹಿಂದೆ. ಸುಳ್ಳು ಯಾಕೆ — ಕೂರಲು ಮೆತ್ತಗಿದೆ, ಅಲುಗಾಡಿದರೂ ಮಗುಚುವುದಿಲ್ಲ. ಅಷ್ಟೇ. ಸ್ವಲ್ಪ ಗಾಳಿ ಬಂದರೆ ತರಗೆಲೆ. ಇಬ್ಬರು ಹುಟ್ಟು ಹಾಕಿದರೂ ಇಷ್ಟು ಭಾರವೆ? ಕೇಳಿದೆ.

"ಗಾಳಿ ತುಂಬಿದ್ದಲ್ವಾ, ಹಾಗೇನೇ," ಎಂದರು ಹಿಂದಿನಿಂದ. ಏದುಸಿರೂ ಇಲ್ಲ.

ಏಪ್ರಿಲ್ 4, ಭಾನುವಾರ

ಮೈಯೆಲ್ಲ ಉರಿಯುತ್ತಿದೆ. ದಡ ಹತ್ತಿರವಾದಾಗ, ಗಾಳ ಹಾಕಿ ಕೂತಿದ್ದ ಮುದುಕರು ಕೇಳಿದರು: "ಒಬ್ರೇ ಎಷ್ಟು ಚೆನ್ನಾಗಿ ಹುಟ್ಟು ಹಾಕ್ತೀರಮ್ಮಾ! ಪ್ರತಿ ವಾರ ನೋಡ್ತೀನಿ. ಯಜಮಾನ್ರಿಗೆ ಹುಷಾರಿಲ್ವಾ?"

ಒಬ್ಬಳೇ! ತಿರುಗಿ ನೋಡಿದೆ. ಹುಟ್ಟು ಮಡಿಲಲ್ಲಿ, ಒಂದು ಹನಿ ನೀರು ಸೋಕಿಲ್ಲ. ಕೈಯಲ್ಲಿ ಬಿಸ್ಕತ್ತು. ಇಷ್ಟು ಭಾನುವಾರ ಈ ಮನುಷ್ಯನನ್ನು ನಾನು ಸವಾರಿ ಮಾಡಿಸಿದ್ದೇನೆ!

ಬಾಯಿಗೆ ಬಂದದ್ದೆಲ್ಲ ಅಂದೆ. "ನಾಚಿಕೆ ಆಗಲ್ವಾ? ಉಂಡಾಡಿ ಗುಂಡ!" ಇವರು ನಗುತ್ತಿದ್ದಾರೆ. ಪಿತ್ತ ನೆತ್ತಿಗೇರಿತು.

"ಬೈಯಿ, ಬೈಯಿ. ಮೊದಲು ನಿನ್ನ ಕೈ ನೋಡ್ಕೊ."

ನೋಡಿದೆ. ಬಲಗೈ. ಹುಟ್ಟಿನ ಸಮೇತ ತಲೆಗಿಂತ ಮೇಲೆ.

ಅಳು ಬಂತು. ಅತ್ತದ್ದಕ್ಕೂ ಸಿಟ್ಟು ಬಂತು. ಇದು ಭುಜದ ವ್ಯಾಯಾಮ ಅಂತ ಹೇಳಿಯೇ ಮಾಡಿಸಬಾರದಿತ್ತೆ?

"ಹೇಳಿದ್ರೆ ಮಾಡ್ತಿದ್ದೆಯಾ?"

ಅದು ಬೇರೆ ಮಾತು.

ಏಪ್ರಿಲ್ 5

ಬೋರ್ಡಿನ ತುತ್ತತುದಿಯಲ್ಲಿ ತಾರೀಕು ಬರೆದೆ. ನೋವಾಯಿತು. ಹೆಡ್‌ಮಿಸ್ ಕಿಟಕಿ ದಾಟುವಾಗ ಅಳಿಸಿ ಇನ್ನೊಮ್ಮೆ ಬರೆದೆ.

ಮನೆಯಲ್ಲಿ ಇವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಮೊದಲೇ ಉಬ್ಬಿ ಕೂತಿದ್ದಾರೆ, ಇನ್ನು ಪಂಪ್ ಬೇರೆ ಹೊಡೆಯಬೇಕೆ?

ಬರುವ ಭಾನುವಾರ ನಾನು ಹಿಂದೆ. ಬಿಸ್ಕತ್ತು ನನ್ನ ಚೀಲದಲ್ಲಿ. ನನ್ನ ಹುಟ್ಟು ಒಂದು ಹನಿ ನೆನೆದರೆ ಕೇಳಿ! ಆಗ ಆ ಮುದುಕರು ಏನನ್ನುತ್ತಾರೋ — ಅಯ್ಯೋ, ಬಚ್ಚಲಲ್ಲಿ ಏನೋ ಧೊಪ್ಪೆಂದಿತು. ಮತ್ತೆ ಅದೇ ಕಯಾಕ್. ಇವರನ್ನು ನಾನು...