ನನ್ನ ಮಂಡಿಯಲ್ಲಿ ಕ್ಯಾನ್ಸರ್ ಇಲ್ಲ

ಬಸ್ ಸಾರಿಗೆ ನೌಕರರ ವೈದ್ಯಕೀಯ ಮಂಡಳಿಯ ಅಧ್ಯಕ್ಷರೇ,

ಮಾನ್ಯರೇ, ನನ್ನ ಕ್ಯಾನ್ಸರ್ ಕಾಣಿಸಿಕೊಂಡದ್ದು ಪ್ರಾಸ್ಟೇಟ್ ಗ್ರಂಥಿಯಲ್ಲಿ. ತಮ್ಮ ಕಡತದಲ್ಲಿ ಮಾತ್ರ ಅದು ಮಂಡಿಗೆ ಇಳಿದಿದೆ. ಹೀಗಾಗಿ ಬರುವ ಸೋಮವಾರದ ಸ್ಕ್ಯಾನಿಗೆ ತಾವು ಸಹಿ ಹಾಕಿಲ್ಲ. ತಮ್ಮ ಸಹಿಯಿಲ್ಲದೆ ಆಸ್ಪತ್ರೆಯವರು ಸ್ಕ್ಯಾನ್ ಮಾಡುವುದಿಲ್ಲ. ‘ಮಂಡಿಯ ರೋಗಿಗೆ ಕಿಬ್ಬೊಟ್ಟೆಯ ಸ್ಕ್ಯಾನ್ ಅನಗತ್ಯ’ ಎಂಬ ತಮ್ಮ ಷರಾ ಓದಿದೆ. ವೈದ್ಯಶಾಸ್ತ್ರದ ಪ್ರಕಾರ ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಆರು ತಿಂಗಳ ಹಿಂದಿನದನ್ನು ನೆನಪಿಸುತ್ತೇನೆ. ಕಡಲೆಕಾಳಿನಷ್ಟು ಗಂಟು. ವೈದ್ಯರು ನನ್ನನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, ಪರದೆಯ ಚಿತ್ರ ನೋಡಿಕೊಂಡೇ ತೆಳ್ಳನೆಯ ಲೇಸರ್ ತಂತಿ ತೂರಿಸಿ, ಅಷ್ಟನ್ನೇ ಸುಟ್ಟರು. ಸಂಜೆಗೆ ಮನೆಯಲ್ಲಿದ್ದೆ. ಮೂವತ್ತು ವರ್ಷ ಕನ್ನಡಿ ನೋಡಿಕೊಂಡು ಬಸ್ಸನ್ನು ಹಿಂದಕ್ಕೆ ತೆಗೆದವನಿಗೆ ಈ ವಿದ್ಯೆ ಚೆನ್ನಾಗಿ ಅರ್ಥವಾಯಿತು. ಗೋಡೆ ಒಡೆಯಲಿಲ್ಲ ಎಂದ ಮಾತ್ರಕ್ಕೆ ಬಸ್ಸೇ ಬರಲಿಲ್ಲ ಎನ್ನುತ್ತಾರೆಯೇ? ತಾವು ಹಾಗೇ ಎಂದಿರಿ: ಗಾಯವಿಲ್ಲ, ಹಾಗಾಗಿ ಚಿಕಿತ್ಸೆಯೂ ಆಗಿಲ್ಲ. ರಜೆಯ ನಮೂನೆಯಲ್ಲಿ ‘ಶಸ್ತ್ರಚಿಕಿತ್ಸೆಯ ಗಾಯದ ಗುರುತು’ ಎಂಬ ಕಲಂ ಖಾಲಿ ಬಿಡುವಂತಿಲ್ಲವಂತೆ. ಷರಟು ಬಿಚ್ಚಿಸಿ, ಪ್ಯಾಂಟು ಎತ್ತಿಸಿ, ಸಂತೆಯ ಎತ್ತನ್ನು ನೋಡುವ ಹಾಗೆ ತಿರುಗಿಸಿ ನೋಡಿದಿರಿ. ಹೊರಗೆ ಬೆಂಚಿನ ಮೇಲಿದ್ದ ನನ್ನ ಹೆಂಡತಿ, ‘ಗಾಯ ಇಲ್ಲ ಅಂತ ಅಳೋರನ್ನ ಇವತ್ತೇ ನೋಡಿದ್ದು’ ಎಂದಳು. ಕೊನೆಗೆ ತಮ್ಮ ಗುಮಾಸ್ತರ ಕಣ್ಣಿಗೆ ಬಿದ್ದದ್ದು ಹತ್ತನೇ ವಯಸ್ಸಿನಲ್ಲಿ ಸೈಕಲ್‌ನಿಂದ ಬಿದ್ದಾಗಿನ ಮಂಡಿಯ ಕಲೆ. ‘ಏನೋ ಒಂದು ಇದೆಯಲ್ಲ, ಬರ್ಕೋತೀನಿ ಬಿಡಿ’ ಎಂದರು ಪುಣ್ಯಾತ್ಮರು. ಗಾಯ ಮಂಡಿಯಲ್ಲಿದ್ದ ಮೇಲೆ ಕಡತದಲ್ಲಿ ರೋಗವೂ ಅಲ್ಲಿಗೇ ಹೋಯಿತು. ರಜೆ ಸಿಕ್ಕಿತಲ್ಲ ಎಂದು ನಾನೂ ಬಾಯಿ ಮುಚ್ಚಿಕೊಂಡೆ. ಆ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಆದರೆ ಸುಡದೆ ಉಳಿದ ಗ್ರಂಥಿ ನನ್ನೊಳಗೇ ಇದೆ. ಅದರ ಮೇಲೆ ಕಣ್ಣಿಟ್ಟಿರಬೇಕು, ಗಂಟು ಮತ್ತೆ ಎದ್ದರೆ ಸಣ್ಣದಿರುವಾಗಲೇ ಹಿಡಿಯಬೇಕು ಎಂದು ವೈದ್ಯರು ಎರಡೆರಡು ಸಲ ಹೇಳಿದ್ದಾರೆ. ನನ್ನ ಅಣ್ಣನಿಗೂ ಇದೇ ರೋಗವಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ದಿನವಿಡೀ ಚಾಕು ಹಿಡಿದವನು, ತನ್ನ ಮೈಗೆ ಚಾಕು ಎಂದರೆ ಹೆದರಿ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಹೇಳುವಷ್ಟರಲ್ಲಿ ಅದು ಮೂಳೆ ಹೊಕ್ಕಿತ್ತು. ಅವನ ಹಾಸಿಗೆಯ ಪಕ್ಕ ಕೊನೆಯವರೆಗೂ ಕೂತವನು ನಾನು. ನನಗೆ ಹೆದರಿಕೆಯಾಗುತ್ತಿದೆ, ಮಾನ್ಯರೇ.

ಸೋಮವಾರದೊಳಗೆ ನನ್ನ ರೋಗವನ್ನು ಮಂಡಿಯಿಂದ ಎತ್ತಿ ಅದರ ಸ್ವಂತ ಜಾಗದಲ್ಲಿಟ್ಟು ಸಹಿ ಹಾಕಿ. ಗಾಯದ ಗುರುತಿನ ಆ ಕಲಂ ಹೊಡೆದುಹಾಕಿ. ನಮ್ಮ ಡಿಪೋದಿಂದ ಇನ್ನಿಬ್ಬರು ಚಾಲಕರು ಇದೇ ಚಿಕಿತ್ಸೆ ಮುಗಿಸಿ ತಮ್ಮ ಮುಂದೆ ನಿಲ್ಲಲಿದ್ದಾರೆ. ವಿಚಾರಿಸಿದೆ, ಅವರ ಮಂಡಿಗಳು ನುಣ್ಣಗಿವೆ. ಅಣ್ಣ ಚಾಕುವಿಗೆ ಹೆದರಿ ಹೋದ. ಚಾಕು ತಾಗಲಿಲ್ಲ ಎಂಬ ಕಾರಣಕ್ಕೆ ನಾನೂ ಹೋಗಬೇಕೇ?

ಇಂತಿ,
ತಮ್ಮ ದಾಖಲೆಯ ಮಂಡಿ ರೋಗಿ,
ದಿನವೂ ನಾಲ್ಕು ಮಹಡಿ ಹತ್ತಿ ಮನೆ ಸೇರುವ ಬಸ್ ಚಾಲಕ