ಅಣವೀರನಿಗಾಗಿ ಬರೆದ ಚೀಟಿ

ದಾವಣಗೆರೆ, ಮೂರನೇ ಕಟ್ಟೆ
ವೈಶಾಖದ ನಲವತ್ತೊಂದನೆಯ ದಿನ, 2203

ನನಗಿಂತ ನೂರೆಂಬತ್ತು ವರ್ಷ ಹಿಂದೆ ಕೂತು ಬ್ಯಾಸ್ಕೆಟ್‌ಬಾಲ್ ನೋಡುತ್ತಿರುವ ಯಾರಿಗಾದರೂ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮ ವೈಶಾಖಕ್ಕೆ ಹೆಚ್ಚೆಂದರೆ ಮೂವತ್ತು ದಿನ ಎಂದು ಗೊತ್ತು. ನಮ್ಮದಕ್ಕೆ ಅರವತ್ತೆರಡು. ಬೇಸಿಗೆ ಮುಗಿಯದೆ ತಿಂಗಳು ಮುಗಿಸಿ ಏನು ಪ್ರಯೋಜನ ಎಂದು ಪಂಚಾಂಗದವರು ಅದನ್ನು ಹಿಗ್ಗಿಸಿಬಿಟ್ಟರು. ಹೀಗೆಯೇ ನನ್ನ ಮಾತಿನಲ್ಲಿ ನಿಮಗೆ ವಿಚಿತ್ರ ಅನ್ನಿಸುವ ಪದಗಳು ಬರುತ್ತವೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ಈ ಕಾಗದ ನಿಮಗೆ ತಲುಪುವುದು ಹಿಂದಂಚೆಯಿಂದ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಇಡೀ ಜನ್ಮದಲ್ಲಿ ಒಂದೇ ಕಾಗದ. ಕೌಂಟರಿನಲ್ಲಿದ್ದಾತ ನನ್ನ ಅರ್ಜಿ ಓದಿ, "ಇರೋದೊಂದು ಕಾಗದ, ಅದನ್ನೂ ಚೆಂಡಾಟಕ್ಕೆ ಹಾಕ್ತೀಯೇನಮ್ಮ?" ಎಂದು ನಕ್ಕ. ಮಳೆಯ ಬಗ್ಗೆ, ಹೊಳೆಗಳ ಬಗ್ಗೆ ನಮ್ಮವರು ನಿಮಗೆ ಸಾವಿರಾರು ಕಾಗದ ಬರೆದಿದ್ದಾರೆ. ನೀವು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಟದ ವಿಷಯವಾದರೆ ಕೇಳುತ್ತೀರೇನೋ ಎಂದು ಈ ಪ್ರಯತ್ನ. ತಮಾಷೆಗೆ ಬರೆಯುತ್ತಿಲ್ಲ. ನನಗೆ ಬಹಳ ಭಯವಾಗಿದೆ.

ನನ್ನ ಹೆಸರು ಹಾಲಮ್ಮ. ವಯಸ್ಸು ಐವತ್ತೆಂಟು. ಇಲ್ಲಿನ ಮಿಲ್ಲಿನಲ್ಲಿ ನೆರಳುಬಟ್ಟೆ ನೇಯುತ್ತೇನೆ. ನೆರಳುಬಟ್ಟೆ ಎಂದರೆ ಬೀದಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಬಿಗಿದು ಕಟ್ಟುವ ಬಿಳಿ ಬಟ್ಟೆ. ಅದರ ಕೆಳಗೆ ಮೂವತ್ತೆಂಟು ಡಿಗ್ರಿ ಇದ್ದರೆ ಹೊರಗೆ ನಲವತ್ತೊಂಬತ್ತು ಇರುತ್ತದೆ. ನಮ್ಮ ತರಕಾರಿ ಸಂತೆ, ಶಾಲೆ, ಮದುವೆ ಮೆರವಣಿಗೆ ಎಲ್ಲ ಆ ಬಟ್ಟೆಯ ಕೆಳಗೇ ನಡೆಯುತ್ತವೆ. ಮಧ್ಯಾಹ್ನ ಹೊರಗೆ ಕಾಲಿಡಬೇಕಾದವರು ವಾರ್ಡ್ ಆಫೀಸಿನಲ್ಲಿ ಹೆಸರು ಬರೆಸಿ ಹೋಗಬೇಕು, ಬಂದಮೇಲೆ ಅಳಿಸಬೇಕು. ಅಳಿಸದೆ ಉಳಿದ ಹೆಸರುಗಳನ್ನು ಸಂಜೆ ಹುಡುಕಲು ಹೋಗುತ್ತಾರೆ. ಆಟ ಬೆಳಗಿನ ಐದೂವರೆಗೆ ಶುರುವಾಗಿ ಏಳರೊಳಗೆ ಮುಗಿಯುತ್ತದೆ. ಆಮೇಲೆ ನಾವೆಲ್ಲ ಗೆದ್ದರೆ ಹರಟುತ್ತ, ಸೋತರೆ ಬೈಯುತ್ತ ಮಂಡಕ್ಕಿ ಅಂಗಡಿಗೆ ನಡೆಯುತ್ತೇವೆ. ಅಷ್ಟರ ಮಟ್ಟಿಗೆ ದಾವಣಗೆರೆ ದಾವಣಗೆರೆಯಾಗಿಯೇ ಉಳಿದಿದೆ.

ನಮ್ಮ ಟೀಮಿನ ಹೆಸರು ದಾವಣಗೆರೆ ಲಾಳಿ. ನಾನೂ ನನ್ನ ತಂಗಿ ಕೊಟ್ರಮ್ಮನೂ ನಲವತ್ತು ವರ್ಷದಿಂದ ಅಕ್ಕಪಕ್ಕ ಕೂತು ಲಾಳಿಯ ಆಟ ನೋಡಿದ್ದೇವೆ. ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು, ಗಂಟಲು ಮಾತ್ರ ನನ್ನದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಮೂರು ವರ್ಷದ ಹಿಂದೆ ಅವಳ ಹೃದಯದ ಕವಾಟ ಕೆಟ್ಟಿತು. ಕೂಗಬೇಡ, ಬಿಸಿಲಿಗೆ ಹೋಗಬೇಡ ಎಂದರು ಡಾಕ್ಟರು. ಮೊದಲನೆಯದನ್ನು ಅವಳು ಒಂದು ದಿನವೂ ಪಾಲಿಸಿಲ್ಲ. ಎರಡನೆಯದನ್ನು ನಾನು ಕಾವಲು ನಿಂತು ಪಾಲಿಸಿದ್ದೇನೆ. ನೆರಳಿಲ್ಲದ ಊರಿನಲ್ಲಿ ಒಂದು ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ನನ್ನೊಬ್ಬಳ ಹತ್ತಿರ.

ಈಗ ಕಟ್ಟೆಯ ವಿಷಯ ಹೇಳಬೇಕು. ಕಟ್ಟೆ ಎಂದರೆ ಗ್ಯಾಲರಿಯ ಒಂದು ಭಾಗ. ಟಿಕೆಟ್ ತಗೊಂಡು ಮನಸ್ಸಿಗೆ ಬಂದ ಕಡೆ ಕೂರುವುದು ನಿಮ್ಮ ಕಾಲಕ್ಕೇ ಮುಗಿಯಿತು. ಈಗ ಒಂದು ಕಟ್ಟೆಗೆ ನಲವತ್ತು ಮನೆ. ಸೀಟು ಕ್ಲಬ್ಬಿನದು, ಸೀಟಿನ ಜೊತೆ ಬರುವ ಮನೆ ಕ್ಲಬ್ಬಿನದು, ಮನೆಯ ಮೇಲಿನ ನೆರಳೂ ಕ್ಲಬ್ಬಿನದು. ನಾವು ಪ್ರತಿಯಾಗಿ ಕೊಡುವುದು ಕೂಗು. ಪ್ರತಿ ಕಟ್ಟೆಯ ಕೆಳಗೂ ಒಂದು ಕೂಗಳತೆ ಇದೆ, ಎಷ್ಟು ಜೋರಾಗಿ ಕೂಗಿದೆವು ಎಂದು ಅದರ ಮುಳ್ಳು ತೋರಿಸುತ್ತದೆ. ಯಾವ ಕ್ಲಬ್ಬಿನ ಕೂಗು ಎರಡು ವರ್ಷ ಸಾಲಾಗಿ ಇಳಿಯುತ್ತದೋ ಆ ಕ್ಲಬ್ಬು ಲೀಗಿನಿಂದ ಹೊರಗೆ.

ಇದು ಒಂದೇ ದಿನಕ್ಕೆ ಆದದ್ದಲ್ಲ. ನಿಮ್ಮ ಕಾಲದಲ್ಲಿ ಸೀಸನ್ನಿನ ನಡುವೆ ಆಟಗಾರರನ್ನು ಅದಲುಬದಲು ಮಾಡುವಾಗ, ಇವನನ್ನು ಕೊಟ್ಟು ಅವನನ್ನು ತನ್ನಿ ಎಂದು ಫೋನಿನಲ್ಲಿ ಬರೆಯುವುದೇ ಆಟಕ್ಕಿಂತ ದೊಡ್ಡ ಆಟವಾಗಿತ್ತಂತೆ. ಕ್ಲಬ್ಬಿನವರು ಆ ಮಾತುಗಳನ್ನು ಓದತೊಡಗಿದರು. ಆಮೇಲೆ ಅಭಿಮಾನಿಗಳಿಂದಲೇ ಚೀಟಿ ಬರೆಸಿಕೊಂಡರು. ಆಮೇಲೆ ಯಾರೋ ಒಬ್ಬ, ಆಟಗಾರರು ಊರು ಬದಲಾಯಿಸುವ ಹಾಗೆ ಅಭಿಮಾನಿಗಳೂ ಯಾಕೆ ಬದಲಾಯಿಸಬಾರದು ಎಂದು ಕೇಳಿದ. ಆ ವರ್ಷ ಎಲ್ಲರೂ ನಕ್ಕರು. ಮುಂದಿನ ವರ್ಷ ಯಾರೂ ನಗಲಿಲ್ಲ. ಈಗ ಸೀಸನ್ನಿನ ನಡುವೆ ಹನ್ನೊಂದು ದಿನ ನಡುಪೇಟೆ ತೆರೆದಿರುತ್ತದೆ. ಅದರಲ್ಲಿ ಆಟಗಾರನಿಗೆ ಆಟಗಾರನನ್ನೂ ಕೊಡಬಹುದು, ಆಟಗಾರನಿಗೆ ಕಟ್ಟೆಯನ್ನೂ ಕೊಡಬಹುದು. ಕೊಟ್ಟ ಕಟ್ಟೆಯ ನಲವತ್ತು ಮನೆಯವರೂ ನಾಲ್ಕು ದಿನದೊಳಗೆ ಗಂಟುಮೂಟೆ ಕಟ್ಟಿ ಆ ಊರಿಗೆ ಹೋಗಬೇಕು, ಅಲ್ಲಿನ ಬಣ್ಣ ತೊಟ್ಟು ಕೂಗಬೇಕು. ಒಲ್ಲೆ ಎಂದವರಿಗೆ ಸೀಟಿಲ್ಲ, ಮನೆಯಿಲ್ಲ, ನೆರಳಿಲ್ಲ.

ಈ ವರ್ಷ ನಮ್ಮದು ಇಪ್ಪತ್ತಾರು ಆಟ ಮುಗಿದಿದೆ, ಇಪ್ಪತ್ತಾರು ಉಳಿದಿದೆ. ಹನ್ನೆರಡು ಗೆದ್ದು ಹದಿನಾಲ್ಕು ಸೋತು ಒಂಬತ್ತನೇ ಸ್ಥಾನದಲ್ಲಿದ್ದೇವೆ. ಹದಿನಾಲ್ಕು ಟೀಮುಗಳಲ್ಲಿ ಮೊದಲ ಎಂಟಕ್ಕೆ ಮಾತ್ರ ಪ್ಲೇಆಫ್, ಅಂದರೆ ಕೊನೆಯ ಸುತ್ತು. ಎಂಟನೆಯ ಮೈಸೂರಿಗೂ ನಮಗೂ ಒಂದೇ ಗೆಲುವಿನ ಅಂತರ. ನಮ್ಮ ಗಾರ್ಡುಗಳು ಚುರುಕು, ಓಡುತ್ತಾರೆ, ಎಸೆಯುತ್ತಾರೆ. ಆದರೆ ಸೆಂಟರ್ ಸಾದಿಕ್ ಮಂಡಿ ಮುರಿದುಕೊಂಡ ಮೇಲೆ ಬುಟ್ಟಿಯ ಕೆಳಗೆ ನಮ್ಮಲ್ಲಿ ಎತ್ತರದವರು ಯಾರೂ ಇಲ್ಲ. ಎದುರಾಳಿ ಒಂದು ಸಲ ತಪ್ಪಿದರೆ ಪುಟಿದು ಬರುವ ಚೆಂಡು, ರೀಬೌಂಡ್, ಅವರಿಗೇ, ಎರಡು ಸಲ ತಪ್ಪಿದರೂ ಅವರಿಗೇ. ಇಪ್ಪತ್ತೊಂದು ವರ್ಷದಿಂದ ನಾವು ಪ್ಲೇಆಫ್ ನೋಡಿಲ್ಲ. ನಮಗೆ ಬೇಕಾದದ್ದು ಒಬ್ಬ ಎತ್ತರದವನು, ಅಷ್ಟೆ. ಆ ಎತ್ತರದವನು ಕಲಬುರಗಿಯಲ್ಲಿದ್ದಾನೆ. ಅಣವೀರ. ಏಳಡಿ ಒಂದಿಂಚು. ಅವನು ಕೈ ಎತ್ತಿದರೆ ಚೆಂಡು ತಾನಾಗಿ ಅಲ್ಲಿಗೆ ಬರುತ್ತದೆ.

ಕಲಬುರಗಿ ಕೊನೆಯ ಸ್ಥಾನದಲ್ಲಿದೆ. ಅಲ್ಲಿ ನೆರಳುಬಟ್ಟೆ ಅರ್ಧ ಊರಿಗೂ ಬಂದಿಲ್ಲ. ಜನ ಬಿಸಿಲಿಗೆ ಹೆದರಿ ಊರು ಬಿಡುತ್ತಿದ್ದಾರೆ, ಗ್ಯಾಲರಿ ಖಾಲಿ ಹೊಡೆಯುತ್ತಿದೆ. ಅವರ ಕೂಗು ಹೋದ ವರ್ಷ ಇಳಿಯಿತು. ಈ ವರ್ಷವೂ ಇಳಿದರೆ ಕ್ಲಬ್ಬೇ ಇರುವುದಿಲ್ಲ. ಹಾಗಾಗಿ ಅವರಿಗೆ ಆಟಗಾರರು ಬೇಡ, ಗಂಟಲುಗಳು ಬೇಕು.

ಇನ್ನು ನನ್ನ ತಪ್ಪು. ಪ್ರತಿ ಕಟ್ಟೆಗೆ ಒಬ್ಬರು ಹಿರಿಯರಿರುತ್ತಾರೆ. ಮೂರನೇ ಕಟ್ಟೆಗೆ ನಾನು. ನಡುಪೇಟೆಯಲ್ಲಿ ಹಿರಿಯರು ಬರೆದ ಚೀಟಿ ಇಡೀ ಕಟ್ಟೆಯ ಮಾತು. ಯಾರು ಬೇಕು, ಬದಲಿಗೆ ಯಾರನ್ನು ಕೊಡಬಹುದು ಎಂದು ಹೆಸರು ಹಿಡಿದು ಬರೆಯಬೇಕು. ಕೊಡುವ ಹೆಸರು ಬರೆಯದೆ ಏನು ಬೇಕಾದರೂ ಕೊಡಿ ಎಂದು ಬರೆದರೆ, ಆ ಕಟ್ಟೆಯವರು ತಮ್ಮನ್ನೇ ಕೊಡಲು ಒಪ್ಪಿದ್ದಾರೆ ಎಂದರ್ಥ. ಈ ನಿಯಮ ನನಗೆ ಗೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಹೊಸ ಹಿರಿಯರಿಗೆ ಇದನ್ನು ಹೇಳಿಕೊಡುತ್ತಿದ್ದವಳೇ ನಾನು.

ಮೊನ್ನೆ ಹುಬ್ಬಳ್ಳಿಯ ಎದುರು ಒಂದು ಪಾಯಿಂಟಿನಿಂದ ಸೋತೆವು. ಕೊನೆಯ ನಾಲ್ಕು ಸೆಕೆಂಡಿನಲ್ಲಿ ಅವರು ಎಸೆದದ್ದು ತಪ್ಪಿತು. ಗೆದ್ದೆವು ಎಂದು ನಾನೂ ಕೊಟ್ರಮ್ಮನೂ ಎದ್ದು ನಿಂತಿದ್ದೆವು. ಚೆಂಡು ರಿಂಗಿಗೆ ಬಡಿದು ಮೇಲಕ್ಕೆ ಹೋಯಿತು, ಕೆಳಗೆ ನಮ್ಮವರು ಮೂವರಿದ್ದರು, ಆ ಮೂವರ ತಲೆಯ ಮೇಲಿಂದ ಹುಬ್ಬಳ್ಳಿಯ ಒಬ್ಬನ ಕೈ ಬಂದು ಚೆಂಡನ್ನು ಬುಟ್ಟಿಗೆ ತಳ್ಳಿತು. ಮುಗಿಯಿತು. ಕೊಟ್ರಮ್ಮ ಎದೆ ಹಿಡಿದುಕೊಂಡು ಕೂತು, "ಅಣವೀರ ಇದ್ದಿದ್ರೆ ಹಿಂಗಾಕ್ತಿತ್ತೇನಕ್ಕಾ" ಎಂದು ಅತ್ತಳು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಅದೇ ಸಿಟ್ಟಿನಲ್ಲಿ ಚೀಟಿ ತೆಗೆದು, ಅಣವೀರನನ್ನು ತನ್ನಿ, ಏನು ಬೇಕಾದರೂ ಕೊಡಿ ಎಂದು ಬರೆದು, ಸಹಿ ಮಾಡಿ ಪೆಟ್ಟಿಗೆಗೆ ಹಾಕಿಬಿಟ್ಟೆ. ಮಂಡಕ್ಕಿ ಅಂಗಡಿ ತಲುಪುವ ಹೊತ್ತಿಗೆ ಏನು ಮಾಡಿದೆ ಎಂದು ಅರಿವಾಯಿತು.

ಇವತ್ತು ಕ್ಲಬ್ಬಿನವರು ಹೇಳಿಕಳಿಸಿದ್ದಾರೆ. ಕಲಬುರಗಿ ಒಪ್ಪಿದೆ, ಅಣವೀರನ ಬದಲು ಮೂರನೇ ಕಟ್ಟೆ. ತಪ್ಪಿಸಲು ಒಂದೇ ದಾರಿ ಇದೆ. ಮುಂದಿನ ಆಟ ಶುರುವಾಗುವ ಮೊದಲು ಹಿರಿಯರು ಕೋರ್ಟಿನ ನಡುವಿನ ವೃತ್ತದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಚೀಟಿ ವಾಪಸ್ ಎಂದು ಹೇಳಬೇಕು. ಆಟ ನಾಡಿದ್ದು ಬೆಳಿಗ್ಗೆ. ಗ್ಯಾಲರಿಯಲ್ಲಿ ಎಂಟು ಸಾವಿರ ಜನ ಇರುತ್ತಾರೆ. ಅಣವೀರ ಬರುತ್ತಾನೆ ಎಂದು ಊರಿಗೆಲ್ಲ ಆಗಲೇ ಸುದ್ದಿಯಾಗಿದೆ. ಬದಲಿಗೆ ಹೋಗುವವರು ಯಾರು ಎಂದು ಯಾರೂ ಕೇಳುತ್ತಿಲ್ಲ.

ನಲವತ್ಮೂರನೆಯ ದಿನ, ಮಧ್ಯಾಹ್ನ

ಹೇಳಿದೆ. ರೆಫರಿ ಚೆಂಡು ಹಿಡಿದು ಪಕ್ಕಕ್ಕೆ ಸರಿದ. ನಾನು ವೃತ್ತದಲ್ಲಿ ನಿಂತು ಮೈಕಿನಲ್ಲಿ, "ಮೂರನೇ ಕಟ್ಟೆ ಚೀಟಿ ವಾಪಸ್ ತಗಂಡೀನಿ" ಎಂದೆ. ಆಮೇಲೆ ಮೊದಲು ಎದ್ದ ಕೂಗು ನನ್ನ ಕಟ್ಟೆಯದೇ. ಅದರಲ್ಲೂ ಮೊದಲ ದನಿ ಕೊಟ್ರಮ್ಮನದು. ಕುತ್ತಿಗೆಯ ನರ ಉಬ್ಬಿಸಿಕೊಂಡು, ಎರಡೂ ಕೈ ಎತ್ತಿ, "ಥೂ, ನಿನ್ನ ಬಾಯಿಗೆ ಮಣ್ಣಾಕ" ಎಂದಳು. ಅವಳ ಹಿಂದೆ ನಲವತ್ತು ಮನೆ, ಅವರ ಹಿಂದೆ ಎಂಟು ಸಾವಿರ. ಅವಳ ಎದೆ ಒಡೆದೀತು ಎಂಬ ಭಯವೇ ಆಗ ನನಗೆ ದೊಡ್ಡದಾಗಿತ್ತು. ನಿನ್ನನ್ನು ಉಳಿಸೋದಕ್ಕೇ ಕಣೇ ಎಂದು ಹೇಳೋಣವೆಂದರೆ ಮೈಕು ಆಗಲೇ ಕಿತ್ತುಕೊಂಡಿದ್ದರು.

ನಮ್ಮ ಕಟ್ಟೆಯ ಕೂಗಳತೆ ಅಷ್ಟು ಮೇಲಕ್ಕೆ ಈ ವರ್ಷ ಯಾವತ್ತೂ ಹೋಗಿರಲಿಲ್ಲ. ಇಡೀ ಲೀಗಿನಲ್ಲೇ ಯಾವ ಕಟ್ಟೆಯದೂ ಹೋಗಿರಲಿಲ್ಲ. ಅದು ಪ್ರತಿ ಊರಿನ ಬೋರ್ಡಿನಲ್ಲೂ ಕಾಣುತ್ತದೆ. ಆಟ ಮುಗಿಯುವುದರೊಳಗೆ ಕಲಬುರಗಿಯಿಂದ ಹೊಸ ಮಾತು ಬಂತು. ಅದೇ ಕಟ್ಟೆ ಕೊಟ್ಟರೆ ಅಣವೀರನ ಜೊತೆಗೆ ರೇವಣಸಿದ್ಧನನ್ನೂ ಕೊಡುತ್ತಾರಂತೆ. ದೂರದಿಂದ ಎಸೆಯುವುದರಲ್ಲಿ ಅವನಿಗೆ ಸಮ ಇಲ್ಲ. ನಡುಪೇಟೆ ಮುಚ್ಚುವುದು ನಾಡಿದ್ದು.

ಚೀಟಿ ವಾಪಸ್ ತಗೊಂಡವರು ಹಿರಿಯರಾಗಿ ಉಳಿಯುವಂತಿಲ್ಲ. ಕಟ್ಟೆಯವರು ಅಲ್ಲಿಯೇ ಕೈ ಎತ್ತಿ ಕೊಟ್ರಮ್ಮನನ್ನು ಆರಿಸಿದರು.

ಅವಳ ಮನೆಗೆ ಹೋದೆ. ಒಳಗೆ ಬಿಡುವುದಿಲ್ಲ ಎಂದುಕೊಂಡಿದ್ದೆ, ಬಿಟ್ಟಳು. ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು, ಮುಖ ಬಿಳುಚಿಕೊಂಡಿತ್ತು. ನಾನು ಎಲ್ಲವನ್ನೂ ಹೇಳಿದೆ. ಚೀಟಿಯ ಅರ್ಥ, ಕಲಬುರಗಿಯ ಬಿಸಿಲು, ಡಾಕ್ಟರು ನನ್ನೊಬ್ಬಳಿಗೆ ಹೇಳಿದ ಮಾತು. ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ಗೊತ್ತಿಲ್ದೆ ಏನಕ್ಕಾ. ಡಾಕ್ಟ್ರು ನಂಗೂ ಹೇಳ್ಯಾರೆ. ಪ್ಲೇಆಫ್ ನೋಡಿ ಇಪ್ಪತ್ತೊಂದು ವರ್ಷ ಆತು, ಇಲ್ಲಿದ್ರೆ ಇನ್ನೆಷ್ಟು ವರ್ಷ ಇರ್ತೀನಿ? ಅವ ಬರ್ಲಿ. ಲಾಳಿ ಪ್ಲೇಆಫ್ ಆಡೋದನ್ನ ಅಲ್ಲಿಂದ್ಲೇ ನೋಡ್ತೀನಿ."

ನಾನು ಅತ್ತೆ, ಬೈದೆ, ಅವಳ ಕೈ ಹಿಡಿದುಕೊಂಡೆ. ನಮ್ಮಿಬ್ಬರದು ಬಿಟ್ಟು ಉಳಿದ ಮೂವತ್ತೆಂಟು ಮನೆಯವರ ಪಾಡೇನು ಎಂದು ಕೇಳಿದೆ. ಅವರನ್ನೂ ಕೇಳಿದೀನಿ, ಹೂಂ ಅಂದಾರೆ ಎಂದಳು. ಆಮೇಲೆ ನನ್ನ ಮುಂದೆ ಮಂಡಕ್ಕಿ ತಟ್ಟೆ ಇಟ್ಟು, ಎದುರಿಗೇ ಕೂತು, ನಾನು ಬರೆದಿದ್ದ ಅದೇ ಮಾತಿನ ಚೀಟಿ ಬರೆದಳು.

ನೀವು ಇನ್ನೂ ಆ ಹಳೆಯ ಕಾಲದಲ್ಲಿದ್ದೀರಿ. ಚಹಾ ಅಂಗಡಿಯಲ್ಲಿ, ಫೋನಿನಲ್ಲಿ, ಸ್ನೇಹಿತರ ಜೊತೆ ಕೂತು ಇವನನ್ನು ಕೊಡಿ, ಅವನನ್ನು ತನ್ನಿ ಎನ್ನುತ್ತೀರಿ. ಮಾತು ಮಾತಾಗಿಯೇ ಉಳಿಯುತ್ತದೆ, ಬೆಳಗಾದರೆ ಮರೆಯುತ್ತೀರಿ. ನಾನು ಅದನ್ನು ನಿಲ್ಲಿಸಿ ಎನ್ನುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಒಂದೇ ಬೇಡಿಕೆ. ಏನು ಬೇಕಾದರೂ ಕೊಡಿ ಎಂದು ಮಾತ್ರ ಬರೆಯಬೇಡಿ. ಕೊಡುವುದು ಯಾರನ್ನು ಎಂದು ಹೆಸರು ಹಿಡಿದು ಹೇಳಿ. ಆ ಹೆಸರು ಹೇಳುವಾಗ ಪಕ್ಕದ ಸೀಟಿನಲ್ಲಿ ಕೂತವರ ಮುಖ ಒಮ್ಮೆ ನೋಡಿ.

ಪೆಟ್ಟಿಗೆ ನಾಳೆ ಬೆಳಿಗ್ಗೆ ತೆರೆಯುತ್ತಾರೆ. ಅವಳ ಜೊತೆ ನಾನೂ ಹೋಗುತ್ತೇನೆ, ಬೇರೆ ಯೋಚನೆಯೇ ಇಲ್ಲ. ಹೊದೆಯಲು ಒಂದು ತುಂಡು ನೆರಳುಬಟ್ಟೆ ಮಿಲ್ಲಿನಿಂದ ಕೇಳಿ ತಂದಿದ್ದೇನೆ, ಅವಳೊಬ್ಬಳಿಗೆ ಆಗುವಷ್ಟಿದೆ. ಆದರೆ ನನಗೆ ಎಲ್ಲಕ್ಕಿಂತ ಭಯವಾದದ್ದು ಈಗಷ್ಟೇ, ಆ ಬಟ್ಟೆ ಮಡಿಸುವಾಗ. ಅಣವೀರ ಬುಟ್ಟಿಯ ಕೆಳಗೆ, ರೇವಣಸಿದ್ಧ ಮೂಲೆಯಲ್ಲಿ, ಉಳಿದ ಆಟಗಳಲ್ಲಿ ಹದಿನೆಂಟು ಗೆದ್ದರೂ ಸಾಕು, ನಾವು ಐದನೇ ಸ್ಥಾನಕ್ಕೆ ಬರುತ್ತೇವೆ ಎಂದು ನನ್ನ ತಲೆ ತನ್ನಷ್ಟಕ್ಕೆ ಎಣಿಸುತ್ತಿತ್ತು. ನನ್ನ ಮುಖದಲ್ಲಿ ನಗು ಇತ್ತು.

ಇಂತಿ,
ಹಾಲಮ್ಮ