ಎಂಟನೇ ಗುಂಡಿಗೂ ಒಂಬತ್ತನೇ ಗುಂಡಿಗೂ ನಡುವೆ

ಜೂನ್ 3, ಬೆಳಿಗ್ಗೆ 7

ಆರು. ಎದ್ದಾಗ ಏಳಿತ್ತು, ಮುಖ ತೊಳೆದ ಮೇಲೆ ಆರು. ಎಡಗಿವಿ. ಅದೇ ಈಈಈ. ಕುಕ್ಕರ್ ಸೀಟಿ ಹೊಡೆಯೋಕೆ ಹೊರಟು, ಹೊಡೆಯದೆ ಅಲ್ಲೇ ನಿಂತ ಹಾಗೆ.

ಕಿವಿ ಪರೀಕ್ಷೆ ಮಾಡುವ ಹುಡುಗಿ ದಿನಾ ಬರೀಬೇಕು ಅಂದಿದ್ದಾಳೆ. ಹುಡುಗಿ ಅಂದರೆ ನಲವತ್ತಾಗಿರಬಹುದು, ನನಗೆ ಈಗ ಎಲ್ಲರೂ ಹುಡುಗಿಯರೇ. ಸದ್ದಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಬೇಕು, ಅಷ್ಟೇ. ಅವಳಿಗೆ ತೋರಿಸುವ ಚೀಟಿ ಬೇರೆ ಇದೆ. ಇದು ಯಾರಿಗೂ ಅಲ್ಲ. ಮಗಳ ಆಫೀಸಿನ ಹೋದ ವರ್ಷದ ಡೈರಿ. ಹಾಳೆ ಖಾಲಿ ಇತ್ತು, ಕೈ ಸುಮ್ಮನಿರಲಿಲ್ಲ.

ಇವರು ಕಾಫಿ ಲೋಟ ಇಡುತ್ತಾ ಪಿಸುಗುಟ್ಟಿದರು. "ಎಷ್ಟು ಬಂತು ಮಾರ್ಕ್ಸು?"

"ಆರು."

"ಫಸ್ಟ್ ಕ್ಲಾಸು ಕಣೇ."

ಜೂನ್ 4

ಐದು. ಬಟ್ಟೆ ಒಗೆಯುವಾಗ ಮರೆತೇಹೋಗಿತ್ತು. ನಲ್ಲಿ ನಿಲ್ಲಿಸಿದೆ — ಬಂತು. ಕರೆಯದೆ ಬಂದ ನೆಂಟ. ಊಟ ಮುಗಿದರೂ ಏಳದ ನೆಂಟ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಈ ಎಡಗಿವಿಗೇ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದೆ. ಊರಿನವರ ಸಾವು, ಹೆರಿಗೆ, ಜಗಳ ಎಲ್ಲ ಇದೇ ತೂತಿನಿಂದ ಹೋಗಿವೆ. ಈಗ ಆ ದಾರಿಯಲ್ಲಿ ಬೇರೇನೂ ಓಡಾಡದಂತೆ ಒಂದೇ ಸದ್ದು ಕಾಲು ಚಾಚಿ ಮಲಗಿದೆ. ಎಂಟು ತಿಂಗಳಾಯಿತು.

ಇವರ ಗಂಟಲು ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ ಗಂಟಲು. ಈರುಳ್ಳಿ ಮೂಟೆ ಮೇಲೆ ನಿಂತು ಕೂಗಿದರೆ ರಸ್ತೆಯಾಚೆ ಹೋಟೆಲಿನವನಿಗೆ ಅವತ್ತಿನ ದರ ಗೊತ್ತಾಗುತ್ತಿತ್ತು. ಮಾರ್ಚ್‌ನಲ್ಲಿ ಕತ್ತಿನ ಗಂಟು ತೆಗೆಸಿದರು. ಗಂಟು ಹೋಯಿತು, ಅದರ ಹಿಂದೆಯೇ ಧ್ವನಿಯೂ ಹೋಯಿತು. ಸ್ವರತಂತು ಎರಡರಲ್ಲಿ ಒಂದು ಅಲ್ಲಾಡುತ್ತಿಲ್ಲವಂತೆ. ಈಗ ಬರೀ ಪಿಸಪಿಸ. ಗಂಟಲಿನ ಡಾಕ್ಟರು ಹೇಳಿದ್ದು ಇಷ್ಟು. ಆರು ತಿಂಗಳು, ವರ್ಷ, ಕಾಯೋಣ. ತಾನಾಗೇ ಬರಬಹುದು. ಗಂಟಲು ಬಿಗಿದು ಮಾತ್ರ ಮಾತಾಡಬೇಡಿ.

"ನನಗೆ ಸದ್ದಿಲ್ಲ, ನಿನಗೆ ಸದ್ದೇ ಸದ್ದು. ಅರ್ಧ ನನಗೆ ಕೊಡೇ," ಅಂದರು. ಮೂರು ಸಲ ಹೇಳಿಸಿಕೊಂಡ ಮೇಲೆ ಅರ್ಥವಾಯಿತು. ಮೂರನೇ ಸಲಕ್ಕೆ ಜೋಕು ಆರಿ ಹೋಗಿರುತ್ತದೆ. ಆದರೂ ನಕ್ಕೆ.

ಅದೇ ಕಷ್ಟ. ಇವರ ಪಿಸುಮಾತು ನನ್ನ ಈಈ ಎಲ್ಲಿದೆಯೋ ಅಲ್ಲೇ ಬಂದು ಬೀಳುತ್ತದೆ. ಮಾತಿನ ಮೂಳೆ ಉಳಿದು ಚರ್ಮ ಹೋಗಿರುತ್ತದೆ. ಬೇರೆಯವರ ಮಾತು ಕೇಳಿಸುತ್ತದೆ. ಮಗಳದು, ಹಾಲಿನವನದು, ಎದುರು ಮನೆ ಟಿವಿಯದು. ನಲವತ್ತು ವರ್ಷ ಕೇಳಿದ ಗಂಡನದು ಮಾತ್ರ ಇಲ್ಲ.

ಜೂನ್ 9, ಭಾನುವಾರ

ಪುಟ್ಟಿ ಅಟ್ಟದಿಂದ ಹಳೇ ಮ್ಯೂಸಿಕ್ ಸಿಸ್ಟಮ್ ಇಳಿಸಿದಳು. ನಮ್ಮ ಮಗಳು. ಮೂವತ್ತನಾಲ್ಕು ವರ್ಷ, ಕೊರಿಯರ್ ಆಫೀಸಿನಲ್ಲಿ ಮ್ಯಾನೇಜರು, ಮನೆಯಲ್ಲಿ ಪುಟ್ಟಿಯೇ. ಎರಡು ಸ್ಪೀಕರು, ರೇಡಿಯೋ, ಮುಂದೆ ಸಾಲಾಗಿ ಹತ್ತು ಗುಂಡಿ, ಮೇಲೆ ಕೆಳಗೆ ಸರಿಸುವಂಥವು.

"ಇದು ಈಕ್ವಲೈಜರ್ ಅಮ್ಮ. ಎಡಗಡೆ ಗುಡುಗು, ಬಲಗಡೆ ಸೊಳ್ಳೆ."

"ನನ್ನದು ಸೊಳ್ಳೆ."

"ಎಷ್ಟನೇ ಸೊಳ್ಳೆ, ಅದನ್ನ ಹುಡುಕೋಣ."

ಮೊಬೈಲಿನಲ್ಲಿ ಸೀಟಿ ಊದುವ ಆಪ್ ಹಾಕಿದಳು. ಸೀಟಿ ಮೇಲೇರುತ್ತಾ ಬಂತು. ಒಂದು ಕಡೆ ಹೊರಗಿನದು ಯಾವುದು, ಒಳಗಿನದು ಯಾವುದು ತಿಳಿಯಲೇ ಇಲ್ಲ. "ನಿಲ್ಲಿಸು!" ಅಂದೆ. ಆರು ಸಾವಿರ ಚಿಲ್ಲರೆ. ಗುಂಡಿ ನೋಡಿದರೆ ಎಂಟನೆಯದು ನಾಲ್ಕು ಸಾವಿರ, ಒಂಬತ್ತನೆಯದು ಎಂಟು ಸಾವಿರ. ನನ್ನದು ಎರಡರ ನಡುವೆ. ಯಾವ ಗುಂಡಿಗೂ ಸಿಗದ ಸಂದಿಯಲ್ಲಿ ಕೂತಿದೆ, ಕಳ್ಳ.

ರೇಡಿಯೋ ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿದೆ. ಶ್‌ಶ್‌ಶ್. ಎಂಟೂ ಒಂಬತ್ತೂ ಮೇಲಕ್ಕೆ, ಉಳಿದದ್ದೆಲ್ಲ ಕೆಳಕ್ಕೆ. ವಾಲ್ಯೂಮು ಸ್ವಲ್ಪ... ಇನ್ನೂ ಸ್ವಲ್ಪ...

ಮುಳುಗಿತು. ಎಂಟು ತಿಂಗಳಲ್ಲಿ ಮೊದಲ ಸಲ ಈಈ ಇಲ್ಲ. ಅಡುಗೆ ಮನೆಗೆ ಹೋದವಳು ಅಕ್ಕಿ ಡಬ್ಬ ಹಿಡಿದುಕೊಂಡು ನಿಂತಲ್ಲೇ ಅತ್ತೆ. ಇವರು ಹೆದರಿ ಓಡಿ ಬಂದರು.

ಒಂದು. ಹತ್ತಕ್ಕೆ ಒಂದು.

ಜೂನ್ 13

ಒಂದು. ಎರಡು. ಒಂದು. ದಿನವಿಡೀ ಹಾಕಿಟ್ಟಿರುತ್ತೇನೆ. ಪುಟ್ಟಿ ಬಾಗಿಲು ತೆಗೆದವಳೇ "ಯಾರ ಮನೆ ಇದು, ಹಾವು ಸಾಕಿದ್ದೀರಾ?" ಅಂತಾಳೆ.

ಕಿವಿಯ ಹುಡುಗಿ ಹೇಳಿದ್ದು ನೆನಪಿದೆ. ಸದ್ದಿನ ಪಕ್ಕ ಇನ್ನೊಂದು ಸದ್ದು ಕೂರಿಸಿ, ಮುಳುಗಿಸಬೇಡಿ, ಸಣ್ಣಗಿರಲಿ. ಹೇಳುವವರಿಗೇನು. ಮುಳುಗಿಸುವ ಹಾಗಿದ್ದರೆ ಪಕ್ಕದಲ್ಲಿ ಕೂರಿಸುವುದು ಯಾಕೆ?

ಇಯರ್‌ಫೋನ್ ಹಾಕಿಕೋ ಅಂತ ಪುಟ್ಟಿ. ಮೂವತ್ತೊಂದು ವರ್ಷವಾಯ್ತಮ್ಮ, ಇನ್ನು ಈ ಕಿವಿಗೆ ಏನೂ ಸಿಕ್ಕಿಸಿಕೊಳ್ಳಲಾರೆ ಅಂದೆ. ಸಿಕ್ಕಿಸಿದರೆ ಈಈ ಇನ್ನೂ ಏರುತ್ತದೆ, ನೋಡಿದ್ದೇನೆ.

ಇವರು ಏನೋ ಅಂದರು. ನನ್ನ ಬಾಯಿಂದ ಬಂದುಬಿಟ್ಟಿತು, "ಸ್ವಲ್ಪ ಜೋರಾಗಿ ಮಾತಾಡಿ." ಎಕ್ಸ್‌ಚೇಂಜಿನ ಬಾಯಿ. ಲೈನಿನಲ್ಲಿ ಗೊರಗೊರ ಬಂದರೆ ಸಾಕು, ಯೋಚನೆ ಮಾಡುವ ಮೊದಲೇ ಆ ಮಾತು ಹೊರಟಿರುತ್ತದೆ. ನಿದ್ದೆಯಲ್ಲೂ ಹೇಳುತ್ತೇನಂತೆ.

ಇವರು ಜೋರಾಗಿ ಹೇಳಿದರು. ಕೇಳಿಸಿತು! "ಉಪ್ಪು ಕಮ್ಮಿ." ಇಷ್ಟಕ್ಕಾ...

ಜೂನ್ 18

ಒಂದು. ಇವತ್ತು ಸಂಜೆಯೆಲ್ಲ ಮಾತಾಡಿದೆವು. ಹಿಂದಿನ ಹಾಗೆ. ಮಂಡಿಯಲ್ಲಿ ಒಬ್ಬ ದಪ್ಪ ವ್ಯಾಪಾರಿ, ಇವರು 'ಎರಡು ಸಾರಿ' ಅನ್ನುವಷ್ಟರಲ್ಲಿ ಮೂಟೆ ಮೇಲೆ ಕೂತು, ಮೂಟೆ ಒಡೆದು, ಈರುಳ್ಳಿ ಸಮೇತ ಚರಂಡಿಗೆ ಉರುಳಿದ ಕಥೆ. ನೂರು ಸಲ ಕೇಳಿದ್ದು. ನೂರಾ ಒಂದನೇ ಸಲ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಪಕ್ಕದಲ್ಲಿ ಕೂತು, ಬಲಗಿವಿಯ ಹತ್ತಿರ ಬಾಯಿ ತಂದು ಹೇಳುತ್ತಾರೆ. ಕತ್ತಿನ ನರ ಉಬ್ಬುತ್ತದೆ. ಮೂಟೆ ಮೇಲೆ ನಿಂತಾಗ ಉಬ್ಬುತ್ತಿದ್ದ ಅದೇ ನರ. ಧ್ವನಿ ಬಲವಾಗುತ್ತಿದೆ ಅಂತ ಕಾಣುತ್ತದೆ. ಒಂದು ವಾರದಲ್ಲಿ ಎಷ್ಟು ವ್ಯತ್ಯಾಸ! ಡಾಕ್ಟರ ಹತ್ತಿರ ಹೋದಾಗ ಹೇಳಬೇಕು.

ಜೂನ್ 22

ಎರಡು. ಸದ್ದು ರೂಢಿಯಾಗಿ ಸಾಲುತ್ತಿಲ್ಲ. ವಾಲ್ಯೂಮು ಒಂದು ಮನೆ ಏರಿಸಿದೆ.

"ಜೋರಾಗಿ."

"ಹೇಳಿದೆನಲ್ಲೇ."

"ಇನ್ನೂ ಸ್ವಲ್ಪ."

"ಮೂಟೆ ತರಿಸು, ಹತ್ತಿ ನಿಂತು ಹೇಳ್ತೀನಿ."

ಮಲಗುವ ಮುಂಚೆ ಬಿಸಿನೀರು ಕುಡಿದು ಕೆಮ್ಮುತ್ತಿದ್ದರು. ಧೂಳು ಅಂದರು.

ಜುಲೈ 5, ಮಧ್ಯಾಹ್ನ 3

ಗಂಟಲಿನ ಡಾಕ್ಟರು. ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಟಿವಿಯಲ್ಲಿ ತೋರಿಸಿದರು. ಅಲ್ಲಾಡದ ತಂತು ಅಲ್ಲಾಡದೆ ಇದೆ. ಅದು ಗೊತ್ತಿದ್ದದ್ದೇ. ಚೆನ್ನಾಗಿದ್ದ ಕಡೆ ಕೆಂಪಗೆ ಊದಿಕೊಂಡು, ಅಂಚಿನಲ್ಲಿ ಕಡಲೆ ಕಾಳಿನಷ್ಟು ಗಂಟು.

"ಏನು ಮಾಡ್ತಿದ್ದೀರಿ ನೀವು? ಎಲ್ಲಾದರೂ ಕೂಗ್ತಿದ್ದೀರಾ?"

ಇವರು ತಲೆ ಆಡಿಸಿದರು. ಇಲ್ಲ.

"ಕೂಗೋದೇ ಬೇಕಾಗಿಲ್ಲ. ಬಿಗಿದು ಪಿಸುಗುಟ್ಟಿದರೂ ಅಷ್ಟೇ ಕೆಟ್ಟದ್ದು. ಉಳಿದಿರೋ ಒಂದು ಕಡೆಯಿಂದಲೇ ಎಲ್ಲ ನಡೀಬೇಕು, ಅದೂ ಹೀಗಾದರೆ... ಮನೇಲಿ ಕಿವಿ ಕೇಳದವರು ಯಾರಾದರೂ ಇದ್ದಾರಾ?"

ನಾನು ಬಾಯಿ ತೆರೆದೆ. ಇವರು ನನಗಿಂತ ಮುಂಚೆ, ಬಿಗಿದು, ಎದೆಯೆಲ್ಲ ಕೂಡಿಸಿ ಹೇಳಿದರು. "ಇಲ್ಲ ಡಾಕ್ಟ್ರೆ. ಹಳೇ ಚಟ. ಮಂಡಿ ಗೆಳೆಯರ ಜೊತೆ ಫೋನು."

ಡಾಕ್ಟರು ಬೆರಳು ತುಟಿ ಮೇಲಿಟ್ಟರು. ಮೂರು ವಾರ ಬಾಯಿಗೆ ಬೀಗ. ಒಂದು ಅಕ್ಷರ ಕೂಡದು. ಆಮೇಲೆ ಒಂದು ಬೆಳಿಗ್ಗೆ ಮೆಲ್ಲಗೆ ಪ್ರಯತ್ನಿಸಿ. ಬಂದರೆ ಬಂತು.

"ಬರದಿದ್ದರೆ?" ಅಂದೆ.

ಅವರು ಚೀಟಿ ಬರೆಯುತ್ತಿದ್ದರು.

ಸಂಜೆ 6

ಯಾವ ಗೆಳೆಯರ ಫೋನು! ವಾರಕ್ಕೆ ಒಂದು ಬಂದರೆ ಹೆಚ್ಚು. ನಾನು. ನಾನೇ. ಗುಂಡಿ ಏರಿಸಿದ ಕೈ ನನ್ನದು, ಜೋರಾಗಿ ಅಂದ ಬಾಯಿ ನನ್ನದು. ಉಬ್ಬಿದ ನರ ನೋಡಿ ಸುಧಾರಿಸುತ್ತಿದೆ ಅಂತ ಬರೆದ ಕಣ್ಣೂ ನನ್ನದೇ. ನಾಲ್ಕು ಹಾಳೆ ಹಿಂದೆ ಇದೆ, ನೋಡಿದೆ. ಹರಿಯೋಣ ಅನ್ನಿಸಿತು. ಹರಿಯಲಿಲ್ಲ.

ಪ್ಲಗ್ಗು ಕಿತ್ತು ವೈರು ಸುತ್ತಿಟ್ಟೆ. ಎಂಟು.

ಜುಲೈ 8

ಒಂಬತ್ತು. ಇಷ್ಟು ದಿನ ಮುಳುಗಿಸಿಟ್ಟದ್ದು ಈಗ ಉಸಿರಾಡಲು ಮೇಲೆ ಬಂದ ಹಾಗೆ. ಎರಡರಷ್ಟಾಗಿ ಬಂದಿದೆ. ಬೀರುವಿನ ಬಾಗಿಲು ತೆಗೆದರೂ ಈಈ, ಮುಚ್ಚಿದರೂ ಈಈ.

ಮನೆಯಲ್ಲಿ ಮಾತಿಲ್ಲ. ಇವರಿಗೆ ಪುಟ್ಟಿಯ ಶಾಲೆ ಸ್ಲೇಟು ಕೊಟ್ಟಿದ್ದೇವೆ. ಮಂಡಿ ಬೋರ್ಡಿನ ಅಕ್ಷರ, ಎರಡೇ ಪದಕ್ಕೆ ಸ್ಲೇಟು ತುಂಬುತ್ತದೆ. ಇವತ್ತು ಬರೆದದ್ದು: ಹಾಕು ಅದನ್ನ.

"ಬೇಡ ರೀ."

ಅಳಿಸಿ ಬರೆದರು: ಹೇಗೂ ಮಾತಿಲ್ಲ.

"ಬೇಡ ಅಂದೆನಲ್ಲ."

ಎದ್ದು ಹೋಗಿ ತಾವೇ ವೈರು ಬಿಚ್ಚಿ ಸಿಕ್ಕಿಸಿದರು. ಶ್‌ಶ್. ನಾನು ಹೋಗಿ ಆರಿಸಿದೆ. ಅವರು ಹಾಕಿದರು. ಆರಿಸಿದೆ. ಕೊನೆಗೆ ಇಬ್ಬರ ಕೈಯೂ ಸ್ವಿಚ್ಚಿನ ಮೇಲೆ. ನಲವತ್ತು ವರ್ಷದಲ್ಲಿ ಒಂದು ಮಾತಿಲ್ಲದೆ ಆಡಿದ ಮೊದಲ ಜಗಳ.

ಗೆದ್ದೆ. ಗೆದ್ದು ಏನು ಸಿಕ್ಕಿತು, ಒಂಬತ್ತು.

ಜುಲೈ 11

ಒಂಬತ್ತು. ಪುಟ್ಟಿ ಒಂದು ಉಪಾಯ ಹೇಳಿದಳು. "ಎಡಗಡೆ ಗುಂಡಿ ಏರಿಸು, ಫ್ಯಾನ್ ಥರ ದಪ್ಪ ಸದ್ದು ಮಾಡೋಣ, ಅಪ್ಪನ ಪಿಸುಮಾತಿಗೆ ಬಲಗಡೆ ಖಾಲಿ ಇರುತ್ತೆ." ನೋಡಿದೆವು. ಬಲಗಡೆ ಖಾಲಿ ಇಟ್ಟರೆ ಈಈ ಬಂದು ಆ ಖಾಲಿಯಲ್ಲೇ ಕೂರುತ್ತದೆ. ಇನ್ನೂ ಸ್ಪಷ್ಟವಾಗಿ. ಅವರಿಗೆ ಬಿಟ್ಟ ಕುರ್ಚಿಯಲ್ಲಿ ಅದು.

ಎಂಟು ಇಳಿಸಿ ಒಂಬತ್ತು ಏರಿಸಿದೆ. ಒಂಬತ್ತು ಇಳಿಸಿ ಎಂಟು. ಎರಡೂ ಅರ್ಧ. ಒಂದು ಸ್ಪೀಕರು ಅಡುಗೆ ಮನೆಗೆ, ಒಂದು ಹಾಲಿಗೆ. ಗೋಡೆ ಕಡೆ ಮುಖ ತಿರುಗಿಸಿ. ಸ್ಪೀಕರಿನ ಮೇಲೆ ಟವೆಲು ಹೊದಿಸಿ. ಪುಟ್ಟಿ ಕೊನೆಗೆ ನೆಲದ ಮೇಲೆ ಕೂತಳು. "ಅಮ್ಮ, ನಿನ್ನದೂ ಅಪ್ಪಂದೂ ಒಂದೇ ಜಾಗ. ಗುಂಡಿಯಿಂದ ಬಿಡಿಸೋಕೆ ಆಗಲ್ಲ."

ಗೊತ್ತಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗ ಗೊತ್ತಾದದ್ದು ನಿಜವಾಗುತ್ತದೆ.

ಜುಲೈ 12

ಒಂಬತ್ತು.

ಜುಲೈ 13

ಒಂಬತ್ತು.

ಜುಲೈ 19

ಬರೆದಿಲ್ಲ ಐದು ದಿನ. ಬರೆಯಲು ಅಂಕ ಬದಲಾಗಬೇಕಲ್ಲ.

ಕಿವಿಯ ಹುಡುಗಿಯ ಹತ್ತಿರ ಹೋಗಿದ್ದೆ. ಎಲ್ಲ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ಕಿವಿಯ ಸದ್ದು ಹೋಗಲ್ಲ ಅಮ್ಮ, ಅದು ರೂಢಿಯಾಗುತ್ತೆ," ಅಂದಳು. ಎಷ್ಟು ದಿನಕ್ಕೆ? ಒಂದು ವರ್ಷ, ಎರಡು ವರ್ಷ, ಒಬ್ಬೊಬ್ಬರಿಗೆ ಒಂದೊಂದು ಥರ. ನನಗೆ ಇರುವುದು ಒಂದು ವಾರ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ಹೋಗಲಿಲ್ಲ.

ಇವರು ಸ್ಲೇಟು ಕೂಡ ಬಿಟ್ಟಿದ್ದಾರೆ. ಬೇಕಾದದ್ದನ್ನು ತೋರಿಸುತ್ತಾರೆ, ಬೇಡವಾದದ್ದಕ್ಕೆ ಮುಖ ತಿರುಗಿಸುತ್ತಾರೆ. ಜೋಕಿಲ್ಲ. ಬರೆದ ಜೋಕು ಜೋಕಲ್ಲವಂತೆ, ಅದನ್ನು ಮಾತ್ರ ಬರೆದು ತೋರಿಸಿದರು.

ಜುಲೈ 25

ಎಂಟೂವರೆ. ನಾಳೆ ಮೂರು ವಾರ ತುಂಬುತ್ತದೆ. ಪುಟ್ಟಿ ಆಫೀಸಿಗೆ ತಡವಾಗಿ ಬರ್ತೀನಿ ಅಂತ ಹೇಳಿದ್ದಾಳೆ.

ಬಾಯಿಗೆ ಪಾಠ ಹೇಳಿಕೊಡುತ್ತಿದ್ದೇನೆ. ಏನೇ ಆಗಲಿ ಆ ಮಾತು ಬರಕೂಡದು. ಕೇಳದಿದ್ದರೆ ಕೇಳಲಿಲ್ಲ. ಜೋರಾಗಿ ಅನ್ನಕೂಡದು.

ಜುಲೈ 26, ಬೆಳಿಗ್ಗೆ 7.40

ಫ್ರಿಜ್ಜು ಆರಿಸಿದೆ. ಫ್ಯಾನು, ಗೋಡೆ ಗಡಿಯಾರದ ಸೆಲ್ಲು, ಎಲ್ಲ. ಕಿಟಕಿ ಮುಚ್ಚಿದೆ. ಮನೆ ಸುಮ್ಮನಾದಷ್ಟೂ ನನ್ನೊಳಗೆ ಏರಿತು. ಅದಕ್ಕೆ ಸ್ವಿಚ್ಚಿಲ್ಲ.

ಇವರು ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಎದುರು ಕೂತರು. ಹೆಣ್ಣು ನೋಡಲು ಬಂದವರ ಹಾಗೆ. ಪುಟ್ಟಿ ಅವರ ಬೆನ್ನ ಹಿಂದೆ, ನನಗೆ ಕಾಣುವಂತೆ ನಿಂತಳು. ನಾನು ಬಲಗಿವಿ ಮುಂದೆ ಮಾಡಿದೆ.

ತುಟಿ ಆಡಿತು. ನಾಲ್ಕೈದು ಪದ ಇರಬಹುದು. ಸಾಕಷ್ಟು ಉದ್ದವೇ ಇತ್ತು. ನರ ಉಬ್ಬಲಿಲ್ಲ. ಹೇಳಿದ ಹಾಗೇ, ಮೆಲ್ಲಗೆ.

ಈಈಈ. ಅಷ್ಟೇ.

ಪುಟ್ಟಿಯ ಮುಖ ನೋಡಿದೆ. ಕೆಳತುಟಿ ಕಚ್ಚಿಕೊಂಡಿದ್ದಳು. ತಲೆಯನ್ನು ಒಂದೇ ಒಂದು ಸಲ, ಅಡ್ಡಡ್ಡ.

ನನ್ನ ಕಿವಿಯ ತಪ್ಪಲ್ಲ ಹಾಗಾದರೆ.

ಇವರು ಹುಬ್ಬು ಏರಿಸಿ, ಕೈ ತಿರುಗಿಸಿ ಕೇಳಿದರು. ಬಂತಾ?

ಪುಟ್ಟಿ ಹಿಂದಿನಿಂದಲೇ, "ಬಂತು ಅಪ್ಪ! ಸ್ವಲ್ಪ ಬಂತು!" ಅಂದಳು. ಅವಳ ಧ್ವನಿ ಎಷ್ಟು ಚೆನ್ನಾಗಿ ಕೇಳಿಸಿತು.

ಅವಳ ಕಡೆ ತಿರುಗಲಿಲ್ಲ ಇವರು. ನನ್ನನ್ನೇ ನೋಡುತ್ತಿದ್ದರು. ನಾನೂ ಹೂಂ ಅಂದೆ. ಬಂತು ಅಂದೆ.

ಮುಖ ಅರಳಿತು. ಕುರ್ಚಿ ಮುಂದೆಳೆದುಕೊಂಡು ನನ್ನ ಕೈ ಹಿಡಿದರು. ತಮ್ಮ ತುಟಿ ತೋರಿಸಿ, ನನ್ನ ಕಿವಿ ತೋರಿಸಿ, ಆಮೇಲೆ ಬೆರಳನ್ನು ನನ್ನ ಬಾಯಿಯ ಕಡೆ ಮಾಡಿದರು. ಹಾಗಾದರೆ ಹೇಳು, ನಾನು ಏನಂದೆ?

ನಗುತ್ತಿದ್ದರು.

ನಾನು —